ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವ ಮುನ್ನ

(ಕಲ್ಲೋಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಹಾಗೂ ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಹಝ್ರತ್ ಅನಸ್(ರ) ಸುಮಾರು ಹತ್ತು ವರ್ಷದ ಬಾಲಕನಾಗಿದ್ದಾಗ ಮದೀನಾದಲ್ಲಿ ಪ್ರವಾದಿವರ್ಯರ(ಸ) ಸೇವೆಗೆ ಸೇರಿದರು. ಹತ್ತು ವರ್ಷ ಆ ಮನೆಯಲ್ಲಿದ್ದರು. ಆ ಹತ್ತು ವರ್ಷಗಳಲ್ಲಿ ಪ್ರವಾದಿ(ಸ) ತಮಗೆ ಒಮ್ಮೆಯೂ 'ಉಫ್' ಅನ್ನಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದು ಗದರಿಸಲಿಲ್ಲ ಎಂದು ಅವರು ಮುಂದೆ ಜನರಿಗೆ ಹೇಳುತ್ತಿದ್ದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವಿಷಯವಿದೆ. ಲೆಕ್ಕ ಹಾಕಿ ನೋಡಿ, ಹತ್ತರಿಂದ ಇಪ್ಪತ್ತು. ಇಂದು ನಾವು ಹದಿಹರೆಯ ಎನ್ನುವುದು ಇದೇ ವಯಸ್ಸಿಗೆ. ಆ ವಯಸ್ಸಿನಲ್ಲಿ ಕಂಡ ಮೃದುತನ ಅವರ ಬದುಕಿನುದ್ದಕ್ಕೂ ಜೊತೆಗಿತ್ತು. ಆ ವಯಸ್ಸಿನಲ್ಲಿ ಬಂದ ನೋವೂ ಹಾಗೆಯೇ, ನಾವು ನೋಡದಿದ್ದರೆ ಅದೂ ಜೊತೆಗೇ ಬೆಳೆಯುತ್ತದೆ.

ನಮ್ಮ ಊರಿನ ಮನೆಗಳಲ್ಲಿ ಕೇಳಿಬರುವ ಮಾತುಗಳು ನಮಗೆಲ್ಲ ಗೊತ್ತು. ಹುಡುಗ ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಗೋಕಾಕದ ಕಾಲೇಜಿಗೆಂದು ಬಸ್ ಹತ್ತಿದವನು ಕ್ಲಾಸಿಗೆ ಹೋಗುವುದಿಲ್ಲ. "ಸೋಮಾರಿ, ಮೊಬೈಲ್ ಹುಚ್ಚು" ಅನ್ನುತ್ತೇವೆ. ಹುಡುಗಿ ಊಟ ಬಿಟ್ಟಿದ್ದಾಳೆ, ಸುಮ್ಮಸುಮ್ಮನೆ ಅಳುತ್ತಾಳೆ. "ಗಾಳಿ ಸೋಕಿದೆ" ಅನ್ನುತ್ತೇವೆ. ಕೊನೆಗೆ ಎಲ್ಲದಕ್ಕೂ ಒಂದೇ ಮದ್ದು: "ಮದುವೆ ಮಾಡಿದರೆ ಸರಿಹೋಗುತ್ತದೆ."

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಲ್ಲಿ ಕಾಣುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 18 ವರ್ಷದೊಳಗೇ ಶುರುವಾಗಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಇಂಥ ತೊಂದರೆ ಕಂಡುಬಂತು. ಇದು ತಂದೆ ತಾಯಿಯ ತಪ್ಪೆಂದು ನಾವು ಹೇಳುತ್ತಿಲ್ಲ. ವಂಶದಿಂದ ಬರಬಹುದು, ಮನೆಯಲ್ಲಿ ಒಂದು ಸಾವಿನಿಂದ, ಬಡತನದಿಂದ, ಶಾಲೆಯಲ್ಲಿ ಆದ ಅವಮಾನದಿಂದ ಬರಬಹುದು. ಅನೇಕ ಮಕ್ಕಳು ಸುಧಾರಿಸುತ್ತಾರೆ ಕೂಡ. ಆದರೆ ಚಿಕಿತ್ಸೆ ಸಿಗದ ಖಿನ್ನತೆ ಮತ್ತೆ ಮತ್ತೆ ಬರುತ್ತದೆ. ಅಷ್ಟರಲ್ಲಿ ಓದು ನಿಂತಿರುತ್ತದೆ, ಗೆಳೆಯರು ದೂರವಾಗಿರುತ್ತಾರೆ, ಸಂಕಟ ಮರೆಯಲು ಗುಟ್ಕಾ ಅಥವಾ ಕುಡಿತ ಅಂಟಿಕೊಂಡಿರುತ್ತದೆ. 15ರಲ್ಲಿ ಮೌನವಾಗಿದ್ದವನು 30ರಲ್ಲಿ ಹೆಂಡತಿಯ ಮೇಲೆ ಕೂಗಾಡುವಾಗ, ನಾವು ಅವನ ಸಿಟ್ಟನ್ನು ಮಾತ್ರ ನೋಡುತ್ತೇವೆ.

"ಈಮಾನ್ ಗಟ್ಟಿಯಿದ್ದರೆ ಇಂಥದ್ದೆಲ್ಲ ಬರುವುದಿಲ್ಲ" ಎನ್ನುವವರಿದ್ದಾರೆ. ಅವರು ಸೂರಃ ಯೂಸುಫ್ ಓದಲಿ. ಮಗನ ದುಃಖದಲ್ಲಿ ಅತ್ತು ಅತ್ತು ಯಾಕೂಬ್(ಅ)ರ ಕಣ್ಣು ಬೆಳ್ಳಗಾದವು. ಅವರು ಅಲ್ಲಾಹನ ಪ್ರವಾದಿ. ಅವರ ಈಮಾನಿನಲ್ಲಿ ಕೊರತೆಯಿತ್ತೆ? ನಮ್ಮ ಪ್ರವಾದಿ(ಸ) ಕೂಡ ಚಿಂತೆ ಮತ್ತು ದುಃಖದಿಂದ ರಕ್ಷಣೆ ಕೋರಿ ಅಲ್ಲಾಹನಲ್ಲಿ ಮತ್ತೆ ಮತ್ತೆ ಪ್ರಾರ್ಥಿಸುತ್ತಿದ್ದರು. ಹಾಗೆಯೇ, ಔಷಧವಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಳಿಸಿಲ್ಲ ಎಂದು ಕಲಿಸಿದವರೂ ಅವರೇ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯದ ಜೊತೆ ಮನಸ್ಸಿನ ಆರೋಗ್ಯವನ್ನೂ ಸೇರಿಸಿ ಗ್ರಂಥ ಬರೆದರು. ದುಆ ಮಾಡಿ, ಕುರ್‌ಆನ್ ಓದಿ ಊದಿರಿ, ನಾವೂ ಮಾಡುತ್ತೇವೆ. ಆದರೆ ಡಾಕ್ಟರ ಬಳಿಗೂ ಹೋಗಿ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಬೇಕೆಂಬುದು ಪ್ರವಾದಿವರ್ಯರ(ಸ) ಪಾಠ.

ಎಲ್ಲಿಗೆ ಹೋಗಬೇಕು? 14416 ಎಂಬ ನಂಬರು ಬರೆದಿಟ್ಟುಕೊಳ್ಳಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸೇವೆ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗೋಕಾಕದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಡಾಕ್ಟರು ಕೊಟ್ಟ ಗುಳಿಗೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ, ರಮಝಾನಿನಲ್ಲೂ ನಿಲ್ಲಿಸಬೇಡಿ. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ಮಗು "ಸತ್ತುಹೋದರೆ ಚೆನ್ನಾಗಿತ್ತು" ಎಂದರೆ ಅದನ್ನು ನಾಟಕ ಅನ್ನಬೇಡಿ. ಹರಾಮ್ ಎಂದು ಬೈಯಲು ಶುರು ಮಾಡಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ಒಂಟಿಯಾಗಿ ಬಿಡಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ನಮ್ಮದು ಕಬ್ಬಿನ ಸೀಮೆ. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯ ಮೂಲೆಯಲ್ಲೇ ಇರುತ್ತದೆ. ಇವತ್ತೇ ಅದಕ್ಕೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಒಂದು ಬೀಗದಿಂದ ಒಂದು ಜೀವ ಉಳಿಯಬಹುದು.

ಇನ್ನು ಮದುವೆಯ ಮಾತು. ನಿಕಾಹ್ ಪ್ರವಾದಿವರ್ಯರ(ಸ) ಸುನ್ನತ್, ಅದು ಕಾಯಿಲೆಯ ಔಷಧವಲ್ಲ. ಚಿಕಿತ್ಸೆ ಪಡೆದು ಚೆನ್ನಾಗಿ ಸಂಸಾರ ಮಾಡುವವರು ಬಹಳ ಜನ ಇದ್ದಾರೆ, ಅವರ ಮದುವೆಗೆ ಅಡ್ಡಿಯಿಲ್ಲ. ಆದರೆ ಚಿಕಿತ್ಸೆಯನ್ನೇ ಕೊಡಿಸದೆ, ವಿಷಯ ಮುಚ್ಚಿಟ್ಟು, "ಬಂದವಳು ಸರಿಮಾಡುತ್ತಾಳೆ" ಎಂದು ಇನ್ನೊಬ್ಬರ ಮಗಳ ಕೈಗೆ ಒಪ್ಪಿಸಿದರೆ, ಎರಡು ಜೀವಗಳಿಗೂ ಅನ್ಯಾಯ. ನಾಳೆ ಅವರ ಮಕ್ಕಳು ಅದೇ ಮನೆಯಲ್ಲಿ ಬೆಳೆಯುತ್ತಾರೆ.

ಆದ್ದರಿಂದ ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಳ್ಳಿ. ಮಾರ್ಕ್ಸ್ ಕೇಳಬೇಡಿ. "ರಾತ್ರಿ ನಿದ್ದೆ ಬರುತ್ತದಾ ಬೇಟಾ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಬುದ್ಧಿ ಹೇಳದೆ ಸುಮ್ಮನಿರಿ.

ಯಾ ಅಲ್ಲಾಹ್, ನಮ್ಮ ಮಕ್ಕಳ ಎದೆಯ ಭಾರವನ್ನು ಇಳಿಸು. ಅವರ ಮಾತು ಕೇಳುವ ತಾಳ್ಮೆಯನ್ನು ನಮಗೆ ಕೊಡು. ಕಾಯಿಲೆಯಲ್ಲಿರುವವರಿಗೆ ಶಿಫಾ ಕೊಡು. ಆಮೀನ್.