ದಂಡವಿಲ್ಲದ ರಾಜ್ಯಗಳ ಮಾತು

ನಿಮ್ಮ ಮನೆಯ ಮಕ್ಕಳ ಭೂಪಟದ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ಕನ್ಯಾಕುಮಾರಿಯ ನೈಋತ್ಯಕ್ಕೆ, ಹಿಂದೂ ಮಹಾಸಾಗರದಲ್ಲಿ, ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕೆಗಳು ಕಾಣುತ್ತವೆ. ಅದು ಮಾಲ್ದೀವ್ಸ್. ಪೆಸಿಫಿಕ್ ಮಹಾಸಾಗರದ ಹಾಳೆಯಲ್ಲಿ ತುವಾಲು, ವನುವಾತು, ಮಾರ್ಷಲ್ ದ್ವೀಪಗಳನ್ನು ಹುಡುಕಲು ಕನ್ನಡಕವೇ ಬೇಕಾದೀತು. ಇಷ್ಟು ಚಿಕ್ಕವಾದರೂ ಒಂದೊಂದೂ ಸ್ವತಂತ್ರ ರಾಷ್ಟ್ರ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಒಂದೊಂದಕ್ಕೂ ಒಂದೊಂದು ಮತವುಂಟು. ಸುಮಾರು ನಾಲ್ಕು ದಶಕಗಳಿಂದ ಇವು ಲೋಕದ ಮುಂದೆ ಒಂದೇ ಮಾತನ್ನು ಆಡುತ್ತ ಬಂದಿವೆ. ಆ ಮಾತು ಯಾವುದು, ಅದರಿಂದ ಆದುದೇನು ಎಂಬುದನ್ನು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾನೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಈ ಅಳತೆಗೋಲನ್ನು ತುವಾಲುವಿಗೆ ಹಿಡಿದು ನೋಡೋಣ. ಅಲ್ಲಿ 9 ದ್ವೀಪಗಳು, ಎಲ್ಲ ಸೇರಿ ಸುಮಾರು 26 ಚದರ ಕಿಲೋಮೀಟರ್ ನೆಲ, 11,000ದ ಆಸುಪಾಸಿನ ಜನ. ಪ್ರಧಾನಿಯಿದ್ದಾರೆ, ಮಂತ್ರಿಗಳಿದ್ದಾರೆ, ಸೈನ್ಯವಿಲ್ಲ. ಬೊಕ್ಕಸಕ್ಕೆ ದೊಡ್ಡ ಆಧಾರವೆಂದರೆ ತಮ್ಮ ಕಡಲಿನಲ್ಲಿ ಮೀನು ಹಿಡಿಯುವ ಹೊರಗಿನ ಹಡಗುಗಳವರು ತೆರುವ ಶುಲ್ಕ. ದುರ್ಗವೆಂದರೆ ಅಲೆಗೆ ಅಡ್ಡಲಾಗಿರುವ ಹವಳದ ದಿಬ್ಬ. ತರಗತಿಯಲ್ಲಿ ಈ ಸಪ್ತಾಂಗವನ್ನು ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ದಂಡವೇ ಇಲ್ಲದವರ ಮಾತನ್ನು ಯಾರು ಕೇಳುತ್ತಾರೆ?” ಪ್ರಶ್ನೆ ಚಿಕ್ಕದಲ್ಲ. ಆ ಹೊತ್ತು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ.

ಮೊದಲು ಅವರಿಗೆ ಒದಗಿರುವ ಅಪಾಯವನ್ನು ನೋಡಿ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದಾಗ ಹೊರಡುವ ಇಂಗಾಲಾಮ್ಲ ವಾಯು, ಭೂಮಿಗೆ ಕಂಬಳಿ ಹೊದಿಸಿದಂತೆ, ಶಾಖವನ್ನು ಹಿಡಿದಿಡುತ್ತದೆ. ಹೀಗೆ ಸೇರುವ ಶಾಖದಲ್ಲಿ ನೂರಕ್ಕೆ ಸುಮಾರು 90 ಪಾಲನ್ನು ಸಮುದ್ರವೇ ನುಂಗಿಕೊಳ್ಳುತ್ತದೆ. ಕಾಯ್ದ ನೀರು ಹಿಗ್ಗುತ್ತದೆ, ಕರಗಿದ ಹಿಮವೂ ಅದಕ್ಕೆ ಸೇರುತ್ತದೆ, ಕಡಲು ಏರುತ್ತದೆ. ಆ ವಾಯುವಿನ ಒಂದು ಪಾಲು ನೀರಿನಲ್ಲಿಯೇ ಬೆರೆತು ಅದರ ಆಮ್ಲಗುಣವನ್ನು ಹೆಚ್ಚಿಸುತ್ತದೆ. ಹವಳದ ಜೀವಿಗಳು ಸುಣ್ಣದ ಮನೆ ಕಟ್ಟಿಕೊಳ್ಳುವಂಥವು. ಬಿಸಿಗೆ ಬಿಳಿಚಿಕೊಂಡು, ಆಮ್ಲಕ್ಕೆ ಸೊರಗಿ ಅವು ಸತ್ತರೆ ದ್ವೀಪದ ದುರ್ಗವೇ ಬಿದ್ದಂತೆ. ಉಪ್ಪುನೀರು ಬಾವಿಗಿಳಿದರೆ ಕುಡಿಯುವ ನೀರೂ ಇಲ್ಲ. ನೆಲ ಮುಳುಗುವುದಕ್ಕೆ ಬಹಳ ಮೊದಲೇ ಅಲ್ಲಿ ಬಾಳುವುದು ದುಸ್ತರವಾದೀತು. ಈ ಹವಳದ ದ್ವೀಪಗಳು ನಮಗೆ ತೀರ ಪರಕೀಯವೆನ್ನಬೇಡಿ. ಇಂದು ಲಕ್ಷದ್ವೀಪಕ್ಕೆ ಸೇರಿರುವ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅವೂ ಇದೇ ಜಾತಿಯ ನೆಲ.

1987ರ ಏಪ್ರಿಲ್ ತಿಂಗಳಲ್ಲಿ ಹೆದ್ದೆರೆಗಳು ಮಾಲ್ದೀವ್ಸ್‌ನ ರಾಜಧಾನಿ ಮಾಲೆಗೆ ನುಗ್ಗಿದವು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮರು ಮಹಾಸಭೆಯಲ್ಲಿ ನಿಂತು, ಏರುವ ಕಡಲಿನಿಂದ ತಮ್ಮ ರಾಷ್ಟ್ರಕ್ಕೆ ಕುತ್ತು ಬಂದಿದೆಯೆಂದು ಅರಿಕೆ ಮಾಡಿದರು. 1989ರಲ್ಲಿ ಸಣ್ಣ ರಾಷ್ಟ್ರಗಳ ಸಮ್ಮೇಳನವೊಂದು ಮಾಲೆಯಲ್ಲೇ ಸೇರಿತು. 1990ರಲ್ಲಿ ಸಣ್ಣ ದ್ವೀಪ ರಾಷ್ಟ್ರಗಳ ಒಕ್ಕೂಟ ಹುಟ್ಟಿತು. ಇಂದು ಅದರಲ್ಲಿ 39 ಸದಸ್ಯರಿದ್ದಾರೆ. ದಂಡವಿಲ್ಲದವರು ಮಿತ್ರಬಲವನ್ನು ಕಟ್ಟಿಕೊಂಡದ್ದು ಹೀಗೆ. ಬೇರೆ ಬೇರೆ ಸಾಗರಗಳವರು, ಬೇರೆ ಬೇರೆ ಭಾಷೆಗಳವರು. ಸಭೆಯಲ್ಲಿ ಮಾತ್ರ ಒಂದೇ ದನಿ.

ಅವರ ತಾಳ್ಮೆಗೆ ಒಂದು ನಿದರ್ಶನ ಹೇಳುತ್ತೇನೆ. ಕಡಲೇರಿ ನಷ್ಟಪಡುವವರಿಗೆ ಸಿರಿವಂತ ದೇಶಗಳು ಹಣ ಕೂಡಿಸಿಡಬೇಕೆಂದು ವನುವಾತು 1991ರಲ್ಲಿ ಒಕ್ಕೂಟದ ಪರವಾಗಿ ಕೇಳಿತು. ಅಂಥ ನಿಧಿಯೊಂದನ್ನು ಸ್ಥಾಪಿಸಲು ಲೋಕ ಒಪ್ಪಿದ್ದು 2022ರಲ್ಲಿ, ಈಜಿಪ್ಟಿನ ಸಮ್ಮೇಳನದಲ್ಲಿ. ನಡುವೆ 31 ವರ್ಷ!

ಇನ್ನೊಂದು, ಒಂದೂವರೆ ಡಿಗ್ರಿಯ ಕಥೆ. ಕೈಗಾರಿಕೆಗಳಿಗೆ ಮುಂಚಿದ್ದುದಕ್ಕಿಂತ ಭೂಮಿಯ ಉಷ್ಣತೆ 2 ಡಿಗ್ರಿ ಏರುವವರೆಗೆ ಚಿಂತೆಯಿಲ್ಲವೆಂಬುದು ದೊಡ್ಡವರ ಲೆಕ್ಕ. 1.5 ದಾಟಿದರೆ ನಾವು ಉಳಿಯೆವೆಂಬುದು ದ್ವೀಪಗಳ ವಾದ. 2009ರ ಅಕ್ಟೋಬರ್ 17ರಂದು ಮಾಲ್ದೀವ್ಸ್‌ನ ಅಧ್ಯಕ್ಷ ಮೊಹಮದ್ ನಶೀದರೂ ಅವರ ಮಂತ್ರಿಗಳೂ ಉಸಿರಾಟದ ಸಲಕರಣೆ ಧರಿಸಿ ಕಡಲ ತಳದಲ್ಲಿ ಸಂಪುಟದ ಸಭೆ ನಡೆಸಿದರು. ಲೋಕ ಬೆರಗಿನಿಂದ ನೋಡಿತು. ಆ ವರ್ಷದ ಕೋಪನ್‌ಹೇಗನ್ ಸಮ್ಮೇಳನ ಮಾತ್ರ ಅವರ ಕೋರಿಕೆಯನ್ನು ನಡೆಸಿಕೊಡಲಿಲ್ಲ. ಅವರು ಬಿಡಲಿಲ್ಲ. 2015ರಲ್ಲಿ ಪ್ಯಾರಿಸ್ಸಿನಲ್ಲಿ ಮಾರ್ಷಲ್ ದ್ವೀಪಗಳ ಮಂತ್ರಿ ಟೋನಿ ಡಿ ಬ್ರಮ್ ಅವರು ಸಿರಿವಂತ, ಬಡ ದೇಶಗಳೆರಡನ್ನೂ ಒಂದು ಗುಂಪಾಗಿ ಕೂಡಿಸಿದರು. ಏರಿಕೆಯನ್ನು 1.5ಕ್ಕೆ ತಡೆಯಲು ಯತ್ನಿಸಬೇಕೆಂಬ ಮಾತು ಒಪ್ಪಂದದೊಳಕ್ಕೆ ಬಂದಿತು. ಅರ್ಧ ಡಿಗ್ರಿಗಾಗಿ ಇಷ್ಟು ಹೋರಾಟವೇ ಎಂದು ನೀವು ಕೇಳಬಹುದು. 1.5ರಲ್ಲಿ ಲೋಕದ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90 ಪಾಲು ನಶಿಸಬಹುದು. 2ರಲ್ಲಿ 99ಕ್ಕೂ ಹೆಚ್ಚು ಎಂದು 2018ರಲ್ಲಿ ವಿಶ್ವಸಂಸ್ಥೆಯ ವಿಜ್ಞಾನಿಗಳ ಮಂಡಲಿ ವರದಿ ಮಾಡಿತು. ಆ ಅರ್ಧದಲ್ಲಿ ಅವರ ಕೋಟೆಯ ಕಡೆಯ ಕಲ್ಲುಗಳಿವೆ.

ಬಳಿಕ ಅವರು ನ್ಯಾಯಪೀಠದ ಬಾಗಿಲಿಗೆ ಹೋದರು. ಈ ವಾಯುಗಳು ಕಡಲನ್ನು ಮಲಿನಗೊಳಿಸುವ ವಸ್ತುಗಳೇ ಎಂದು ಸಮುದ್ರ ಕಾನೂನಿನ ನ್ಯಾಯಾಧಿಕರಣ 2024ರ ಮೇ 21ರಂದು ಅಭಿಪ್ರಾಯವಿತ್ತಿತು. 2019ರಲ್ಲಿ ಪೆಸಿಫಿಕ್ ದ್ವೀಪಗಳ ಕೆಲವು ಕಾನೂನು ವಿದ್ಯಾರ್ಥಿಗಳು ಇನ್ನೂ ದೊಡ್ಡದೊಂದನ್ನು ಯೋಚಿಸಿದ್ದರು: ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕು. ವನುವಾತು ಆ ಮಾತನ್ನು ಎತ್ತಿಕೊಂಡಿತು. 2023ರ ಮಾರ್ಚ್ 29ರಂದು ಮಹಾಸಭೆ ಒಮ್ಮತದಿಂದ ಒಪ್ಪಿತು. 2025ರ ಜುಲೈ 23ರಂದು ಹೇಗ್ ನಗರದಲ್ಲಿ ನ್ಯಾಯಾಧೀಶರೆಲ್ಲರೂ ಏಕಾಭಿಪ್ರಾಯದಿಂದ ಹೇಳಿದರು: ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನಿನ ಕರ್ತವ್ಯ, ತಪ್ಪಿದರೆ ಪರಿಹಾರದ ಹೊಣೆಯೂ ಬರಬಹುದು. ಕಡಲೇರಿತೆಂದು ದ್ವೀಪಗಳು ತಮ್ಮ ಜಲಸೀಮೆಯ ಗೆರೆಯನ್ನು ಹಿಂದಕ್ಕೆಳೆಯಬೇಕಾಗಿಲ್ಲ. ಒಮ್ಮೆ ಸ್ಥಾಪಿತವಾದ ರಾಷ್ಟ್ರ, ಅದರ ಒಂದು ಅಂಗ ಅಳಿದ ಮಾತ್ರಕ್ಕೆ, ರಾಷ್ಟ್ರತ್ವವನ್ನು ಕಳೆದುಕೊಳ್ಳಬೇಕೆಂದೂ ಇಲ್ಲ. ಸಪ್ತಾಂಗವನ್ನು ಪಾಠ ಹೇಳುವ ನಾನು ಈ ಕಡೆಯ ಮಾತನ್ನು ಎರಡು ಸಲ ಓದಿದೆ.

ಇದು ಸಲಹೆಯ ರೂಪದ ಅಭಿಪ್ರಾಯ, ನಿಜ. ಜಾರಿಗೆ ತರಲು ಯಾವ ಸೇವಕನೂ ಇಲ್ಲ. 2024ನೆಯ ವರ್ಷವೊಂದರಲ್ಲೇ ಉಷ್ಣತೆಯ ಏರಿಕೆ 1.5ನ್ನು ಮೀರಿತು, ಹಲವು ವರ್ಷಗಳ ಸರಾಸರಿಯಲ್ಲಿ ಅಳೆಯುವ ಗೆರೆಯನ್ನು ದಾಟಿದಂತಲ್ಲವಾದರೂ ಎಚ್ಚರಿಕೆ ಸಾಕು. ಕಾಗದದ ಮೇಲಣ ಗೆಲುವಿನಿಂದ ಅಲೆ ಹಿಂದಿರುಗುವುದಿಲ್ಲ. ತುವಾಲುವಿನ ಜನಕ್ಕೆ ವರ್ಷಕ್ಕೆ 280 ಮಂದಿಯಂತೆ ಆಸ್ಟ್ರೇಲಿಯದಲ್ಲಿ ನೆಲೆಸಲು ಅವಕಾಶ ಕೊಡುವ ಒಪ್ಪಂದವೊಂದು 2024ರಲ್ಲಿ ಜಾರಿಗೆ ಬಂದಿದೆ. ತಾಯಿನೆಲದ ಮೇಲೆ ಆಸೆಯಿದ್ದೂ ಅವರು ಗಂಟುಕಟ್ಟುವ ಯೋಚನೆ ಮಾಡಬೇಕಾಗಿದೆ.

ಆ ಹುಡುಗನನ್ನು ಮರುದಿನ ಕರೆದು ಇಷ್ಟನ್ನೂ ಹೇಳಿದೆ. “ಅವರ ಮಾತನ್ನು ಲೋಕ ಕೇಳಿತಪ್ಪ, ತಡವಾಗಿ ಕೇಳಿತು. ಕೇಳಿದ್ದನ್ನು ನಡೆಸುವುದು ಅವರ ಕೈಯಲ್ಲಿಲ್ಲ, ಉರಿಸುವವರೆಲ್ಲರ ಕೈಯಲ್ಲಿದೆ” ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಕೈಯಲ್ಲೂ ಅಲ್ಲವೆ ಸಾರ್?” ಎಂದ. ಹೌದೆಂದೆ. ನೀವೂ ಅಷ್ಟನ್ನು ಒಪ್ಪುವಿರೆಂದು ನಂಬಿದ್ದೇನೆ.