ಬಜ್ಪೆಯ ರನ್‌ವೇ ಮತ್ತು ಅರ್ಧ ಗಂಟೆಗೊಂದು ವರದಿ

ಮಳೆಗಾಲದಲ್ಲಿ ಮುಂಬಯಿಯಿಂದ ಮಂಗಳೂರಿಗೆ ಹಾರುವವರಿಗೆ ಇದು ಹೊಸದಲ್ಲ. ಬಜ್ಪೆಯ ಮೇಲೆ ಎರಡು ಸುತ್ತು ಹಾಕಿದ ವಿಮಾನ ಇಳಿಯದೆ ಬೆಂಗಳೂರಿಗೆ ಹೋಗಿಬಿಡುತ್ತದೆ. ಊರಲ್ಲಿ ಮದುವೆಯ ಮುಹೂರ್ತ, ಸೀಟಿನಲ್ಲಿ ನಿಮ್ಮ ಚಡಪಡಿಕೆ. "ಕೆಳಗೆ ದೀಪ ಕಾಣ್ತಿತ್ತಲ್ಲ, ಇಳಿಸಬಾರದಿತ್ತೇ?" ಎಂದು ಪಕ್ಕದವರು ಗೊಣಗುತ್ತಾರೆ.

ಬಜ್ಪೆಯದು ಗುಡ್ಡದ ನೆತ್ತಿಯನ್ನು ಸಮ ಮಾಡಿದ ರನ್‌ವೇ. ಅದರ ಅಂಚು ದಾಟಿದರೆ ಇಳಿಜಾರು, ಕಣಿವೆ. 1951ರ ಹಳೆಯ ರನ್‌ವೇ ಸುಮಾರು 1,600 ಮೀಟರ್. 2006ರಲ್ಲಿ ತೆರೆದ ಹೊಸದು 2,450 ಮೀಟರ್. ಹೊಸದರ ಒಂದು ತುದಿಯ ಹೆಸರು 24, ಇನ್ನೊಂದರದು 06. ದಿಕ್ಸೂಚಿಯ 240 ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟರೆ 24, ಅಷ್ಟೇ. ಅದು ನೈಋತ್ಯ ದಿಕ್ಕು. ನಮ್ಮ ಮುಂಗಾರು ಗಾಳಿ ಬೀಸುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಗಾಳಿಗೆ ಎದುರಾಗಿ ಇಳಿದರೆ ನೆಲದ ಮೇಲಿನ ಓಟ ಕಡಿಮೆಯಾಗುತ್ತದೆ.

ಈ ಗಾಳಿಯ ಲೆಕ್ಕ ಪೈಲಟ್‌ಗೆ ಸಿಗುವುದು ಮೆಟಾರ್ ಎಂಬ ಒಂದೆರಡು ಸಾಲಿನ ಹವಾ ವರದಿಯಿಂದ. ಸಾಮಾನ್ಯವಾಗಿ ಅರ್ಧ ಗಂಟೆಗೊಂದು. ಅದರಲ್ಲಿ "24012ಕೆಟಿ" ಎಂದಿದ್ದರೆ 240 ಡಿಗ್ರಿಯಿಂದ 12 ನಾಟ್ ವೇಗದ ಗಾಳಿ ಎಂದರ್ಥ. ಮುಂದಿನ "1500" ಎಂದರೆ ಒಂದೂವರೆ ಕಿಲೋಮೀಟರ್‌ವರೆಗೆ ಮಾತ್ರ ಕಣ್ಣಿಗೆ ದಾರಿ. ಆಮೇಲೆ ಮೋಡ: ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ, ಎಷ್ಟು ಅಡಿ ಮೇಲಿದೆ ಎಂಬ ವಿವರ. ಪಂಚಾಂಗಕ್ಕಿಂತ ಕಷ್ಟವೇನಲ್ಲ!

ಇನ್ನು ದೀಪದ ಮಾತು. ಕಿಟಕಿಯಿಂದ ನೇರ ಕೆಳಗೆ ನೋಡಿದಾಗ ತೆಳುವಾದ ಮಂಜಿನ ಪದರದಾಚೆ ದೀಪ ಕಂಡೀತು. ಪೈಲಟ್ ನೋಡಬೇಕಾದದ್ದು ಓರೆಯಾಗಿ ಮುಂದಕ್ಕೆ, ಅದೇ ಮಂಜಿನೊಳಗೆ ಬಹು ದೂರ. ಗೊತ್ತುಪಡಿಸಿದ ಎತ್ತರಕ್ಕೆ ಬಂದಾಗಲೂ ರನ್‌ವೇಯ ದೀಪಗಳಾಗಲೀ ಗುರುತುಗಳಾಗಲೀ ಕಾಣದಿದ್ದರೆ ಮೇಲೇರಲೇಬೇಕು.

ವರದಿ ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎನ್ನುವಂತಿಲ್ಲ. 2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ವಿಮಾನ ಇಳಿಯುವಾಗ ಬಜ್ಪೆಯಲ್ಲಿ ಗಾಳಿ ಶಾಂತವಾಗಿತ್ತು, ಆರು ಕಿಲೋಮೀಟರ್ ದೂರ ಕಾಣುತ್ತಿತ್ತು. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದು, ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರೆಂದು ತನಿಖಾ ವರದಿ ದಾಖಲಿಸಿದೆ. ಸತ್ತವರು 158 ಮಂದಿ, ಉಳಿದವರು ಎಂಟು.

ಬಜ್ಪೆಯ ಮೆಟಾರನ್ನು ನೀವೂ ಅಂತರ್ಜಾಲದಲ್ಲಿ ನೋಡಬಹುದು. ಅದರ ಗುರುತು ವಿಒಎಂಎಲ್. ಅಲ್ಲಿರುವ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.