ಕುರಿ ಕೊರಳಿನ ಡಬ್ಬಿ, ಜೀಬ್ರಾ ಕೊರಳಿನ ಪಟ್ಟಿ

ಇವತ್ತು ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ಇಂಜಿನಿಯರಿಂಗ್ ಕೊನೇ ವರ್ಷ. ಶಿರಾ ಹತ್ತಿರ ನಮ್ಮ ಮಾವನ ಕುರಿ ಹಿಂಡಿದೆ. ಎಂಟು ಕುರಿಗಳ ಕೊರಳಿಗೆ ಜಿಪಿಎಸ್, ರೇಡಿಯೊ ಇರೋ ಪುಟ್ಟ ಡಬ್ಬಿ ಕಟ್ಟಿದ್ವಿ. ಡಬ್ಬಿಗಳು ಹತ್ತಿರ ಬಂದಾಗಲೆಲ್ಲ ಒಂದರ ಡೇಟಾ ಇನ್ನೊಂದಕ್ಕೆ ಹೋಗಬೇಕು; ಯಾವುದೋ ಒಂದು ಕುರಿ ಹಟ್ಟಿಗೆ ಬಂದರೂ ಎಲ್ಲದರ ಲೆಕ್ಕ ಸಿಗಬೇಕು. ಮಧ್ಯಾಹ್ನಕ್ಕೆ ಎಂಟೂ ಬ್ಯಾಟರಿ ಖಾಲಿ! ಮಾವ ನಕ್ಕುಬಿಟ್ಟರು: “ಕುರಿ ಎಲ್ಲಿದಾವೆ ಅಂತ ನಂಗೊತ್ತು ಕಣಪ್ಪ, ನಿನ್ ಡಬ್ಬಿಗೇನಾಯ್ತು ನೋಡ್ಕೊ.”

ಆಮೇಲೆ ಓದಿದ್ದು ಜೀಬ್ರಾನೆಟ್ ಬಗ್ಗೆ. (ಮೊದಲೇ ಓದಬೇಕಿತ್ತು, ಬಿಡಿ.) ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಮಾರ್ಟೊನೊಸಿ ಮತ್ತವರ ತಂಡ 2002ರಲ್ಲಿ ಇದರ ವಿನ್ಯಾಸ ಪ್ರಕಟಿಸಿತು, 2004ರ ಜನವರಿಯಲ್ಲಿ ಕೀನ್ಯಾದ ಜೀಬ್ರಾಗಳಿಗೆ ಕೊರಳಪಟ್ಟಿ ಹಾಕಿದರು. ಆ ಬಯಲಲ್ಲಿ ಮೊಬೈಲ್ ನೆಟ್‌ವರ್ಕ್ ನಂಬೋ ಹಾಗಿರಲಿಲ್ಲ. ಸಂಶೋಧಕರೇ ಗಾಡಿಯಲ್ಲಿ ಆಗಾಗ ಹೋಗಿ ಡೇಟಾ ತರಬೇಕು. ಆದರೆ ಎಲ್ಲ ಜೀಬ್ರಾಗಳೂ ಗಾಡಿ ಹತ್ತಿರ ಬರಲ್ವಲ್ಲ? ಅದಕ್ಕೇ ಒಂದರ ಓಡಾಟದ ದಾಖಲೆಯನ್ನ ಇನ್ನೊಂದು ಹೊತ್ತು ತರೋ ವ್ಯವಸ್ಥೆ.

ಹೊರೋ ಕೆಲಸ ಯಾರಿಗೆ ಕೊಡೋದು? ಸಿಕ್ಕವರಿಗೆಲ್ಲ ಕೊಡೋದು ಒಂದು ದಾರಿ. ಮೆಮೊರಿ, ಬ್ಯಾಂಡ್‌ವಿಡ್ತ್ ಧಾರಾಳವಾಗಿದ್ದರೆ ಇದೇ ಚೆನ್ನಾಗಿ ನಡೆಯುತ್ತೆ, ಆದರೆ ಬ್ಯಾಟರಿ ತಿನ್ನುತ್ತೆ. ಇನ್ನೊಂದು, ಇತ್ತೀಚೆಗೆ ಗಾಡಿ ಹತ್ತಿರ ಹೋಗಿದ್ದವರು ಯಾರು ಅಂತ ಕೇಳಿ ಅವರಿಗಷ್ಟೇ ಕೊಡೋದು. ಹೋಗಿ ತುಂಬಾ ಹೊತ್ತಾದರೆ ಅವರ ಅಂಕ ಇಳಿಯುತ್ತಾ ಹೋಗುತ್ತೆ. ನನಗೆ ತುಂಬಾ ಹಿಡಿಸಿದ್ದು ಬೇರೆ: ಜಿಪಿಎಸ್ ಕರಾರುವಾಕ್ಕಾದ ಸಮಯವನ್ನೂ ಕೊಡುತ್ತೆ. ಹಾಗಾಗಿ ಪಟ್ಟಿಗಳೆಲ್ಲ ಒಂದೇ ಗಳಿಗೆಯಲ್ಲಿ ಎದ್ದು ಮಾತಾಡಿ ಮತ್ತೆ ಮಲಗಬಹುದು. ರೇಡಿಯೊ ದಿನವಿಡೀ ಕಿವಿ ತೆರೆದು ಕೂರಬೇಕಿಲ್ಲ.

ನನ್ನ ತಪ್ಪು ಆಗ ಹೊಳೀತು. ಜೀಬ್ರಾ ಗುಂಪುಗಳು ಅಪರೂಪಕ್ಕೆ ಎದುರಾಗ್ತವೆ, ಹಿಂಡಿನ ಕುರಿಗಳು ಬಿಟ್ಟು ಅಲ್ಲಾಡಲ್ಲ. ನನ್ನ ಒಂದೊಂದು ಡಬ್ಬಿಗೂ ಉಳಿದ ಏಳೂ ಸದಾ ಕೇಳಿಸ್ತಿದ್ವು. ಅದದೇ ಡೇಟಾ ಕಾಪಿ ಮೇಲೆ ಕಾಪಿ. ಕುರಿ ಹೇಗೆ ನಡೆಯುತ್ತೆ ಅಂತ ಮಾವನ್ನ ಒಂದು ಮಾತು ಕೇಳದೆ ಸರ್ಕ್ಯೂಟ್ ಬರೆದಿದ್ದೆ!

ಮತ್ತೆ ಬರೆದೆ. ಗಂಟೆಗೊಂದು ಡಬ್ಬಿಗೆ ಪಾಳಿ. ಅದು ಎಲ್ಲರ ಲೆಕ್ಕ ತಗೊಳ್ಳುತ್ತೆ, ಉಳಿದವು ಕೊಟ್ಟು ಮಲಗ್ತವೆ. ಅದೇ ಬೋರ್ಡ್, ಅದೇ ಬ್ಯಾಟರಿ. ಸಂಜೆ ಹಿಂಡು ಹಟ್ಟಿಗೆ ಬಂದಾಗ ಎಂಟರಲ್ಲಿ ಏಳಕ್ಕೆ ಇನ್ನೂ ಜೀವ ಇತ್ತು.

ಎಂಟನೇದರ ಆಂಟೆನಾ ಪಕ್ಕದ ಕುರಿ ತಿಂದಿತ್ತು.